ಚಂದ್ರನ ನೀರಿಗೆ ಪುಟ್ಟ ಉಪಗ್ರಹಗಳು

ಚಂದ್ರನಲ್ಲಿ ನೀರು ಹುಡುಕಲು ಪುಟ್ಟ ಉಪಗ್ರಹಗಳನ್ನು ಸ್ವತಂತ್ರವಾಗಿ ಕಳಿಸುವ ಪದ್ಧತಿ ಇಲ್ಲಿಯವರೆಗೆ ಕೊಟ್ಟಿರುವ ಫಲ ತೀರ ಕಡಿಮೆ. 2022ರ ನವೆಂಬರಿನಲ್ಲಿ ನಾಸಾದ ಆರ್ಟೆಮಿಸ್-1 ನೌಕೆಯ ಜೊತೆ ಕ್ಯೂಬ್‌ಸ್ಯಾಟ್ ಎಂಬ ಹತ್ತು ಪುಟ್ಟ ಉಪಗ್ರಹಗಳು ಹೋದವು. ಅವುಗಳಲ್ಲಿ ಲೂನಾಹೆಚ್-ಮ್ಯಾಪ್‌ನ ಎಂಜಿನ್ನಿನ ಕವಾಟ ಕಚ್ಚಿಕೊಂಡಿತು. ಲೂನಾರ್ ಐಸ್‌ಕ್ಯೂಬ್‌ನ ಸಂಪರ್ಕವೇ ತಪ್ಪಿಹೋಯಿತು. ಮರುತಿಂಗಳು ಹೊರಟ ಲೂನಾರ್ ಫ್ಲ್ಯಾಶ್‌ಲೈಟ್ ಧ್ರುವದ ಕತ್ತಲ ಕುಳಿಗಳಿಗೆ ಲೇಸರ್ ಬೆಳಕು ಹಾಯಿಸಿ ಮಂಜುಗಡ್ಡೆ ಹುಡುಕಬೇಕಿತ್ತು. ಅದರ ಥ್ರಸ್ಟರ್‌ಗಳಿಗೆ ಬೇಕಾದ ಬಲವೇ ಬರಲಿಲ್ಲ. 2025ರ ಫೆಬ್ರವರಿ 26ರಂದು ಹಾರಿದ, ಸುಮಾರು 200 ಕಿಲೋ ತೂಕದ ಲೂನಾರ್ ಟ್ರೈಲ್‌ಬ್ಲೇಜರ್ ಮರುದಿನವೇ ಸದ್ದಡಗಿತು. ಜುಲೈ ಕೊನೆಗೆ ನಾಸಾ ಅದರ ಆಸೆ ಬಿಟ್ಟಿತು.

ಶೋಧಕ ಉಪಕರಣವನ್ನು ಚಿಕ್ಕದು ಮಾಡುವುದು ಇಲ್ಲಿ ತೊಡಕಾಗಿಲ್ಲ. ಚಂದ್ರನ ಪಕ್ಕದಲ್ಲಿ ಒಮ್ಮೆ ಹಾದುಹೋದಷ್ಟರಲ್ಲೇ ಲೂನಾಹೆಚ್-ಮ್ಯಾಪ್ ಅಲ್ಲಿಂದ ಚಿಮ್ಮುವ ನ್ಯೂಟ್ರಾನ್‌ಗಳನ್ನು ಎಣಿಸಿತ್ತು. ನೆಲದಲ್ಲಿ ಹೈಡ್ರೋಜನ್ ಇದ್ದ ಕಡೆ ಮಧ್ಯಮ ವೇಗದ ನ್ಯೂಟ್ರಾನ್‌ಗಳು ಕಡಿಮೆಯಾಗುತ್ತವೆ. ನೀರಿನ ಸುಳಿವು ಸಿಗುವುದು ಆ ಕೊರತೆಯಿಂದ. ಆದರೆ ಎಣಿಕೆಗೆ ಅರ್ಥ ಬರಬೇಕಾದರೆ ತಿಂಗಳುಗಟ್ಟಲೆ ನೆಲಕ್ಕೆ ಹತ್ತಿರ ಸುತ್ತಬೇಕು, ಅದಕ್ಕೆ ಮೊದಲು ಕಕ್ಷೆ ಸೇರಬೇಕು. ಆ ದಾರಿಯ ಬೆಲೆ ಎಷ್ಟೆಂಬುದನ್ನು ಚಂದ್ರಯಾನ-1ರ ತೂಕವೇ ಹೇಳುತ್ತದೆ: 2008ರ ಅಕ್ಟೋಬರ್ 22ರಂದು ಹೊರಟಾಗ 1,380 ಕಿಲೋ, ಚಂದ್ರನ ಕಕ್ಷೆಯಲ್ಲಿ 675 ಕಿಲೋ. ಅರ್ಧಕ್ಕರ್ಧ ಇಂಧನಕ್ಕೇ ಹೋಯಿತು. ಲೂನಾಹೆಚ್-ಮ್ಯಾಪ್‌ನಂಥ ಹದಿನಾಲ್ಕು ಕಿಲೋದ ಪೆಟ್ಟಿಗೆಯೊಳಗೆ ಎಂಜಿನ್, ಬ್ಯಾಟರಿ, ರೇಡಿಯೊ, ಶೋಧಕ ಎಲ್ಲವನ್ನೂ ತುರುಕಿದರೆ, ಒಂದು ಕೆಟ್ಟಾಗ ಕೈಹಿಡಿಯಲು ಇನ್ನೊಂದಕ್ಕೆ ಜಾಗವಿರುವುದಿಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡು ಬ್ಯಾಲಾಳಿನ 32 ಮೀಟರ್ ಆಂಟೆನಾ ಮೂಲಕ ಮಾತಾಡುತ್ತಿದ್ದ ಚಂದ್ರಯಾನ-1 ಕೂಡ ಬಾಳಿದ್ದು 312 ದಿನ. ಗೊತ್ತುಮಾಡಿದ್ದ ಎರಡು ವರ್ಷದ ಅರ್ಧಕ್ಕೂ ಕಡಿಮೆ. ಆದರೂ ಅದು ಹೊತ್ತೊಯ್ದ ನಾಸಾದ ಎಂ-ಥ್ರೀ ರೋಹಿತಮಾಪಕ ಚಂದ್ರನ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಮತ್ತು ನೀರಿನ ಗುರುತು ಹಿಡಿದ ಸುದ್ದಿ 2009ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಅದೇ ದತ್ತಾಂಶದಿಂದ 2018ರಲ್ಲಿ ಧ್ರುವಗಳ ಮೇಲ್ಮೈ ಮಂಜಿಗೂ ಪುರಾವೆ ದೊರೆಯಿತು. ಅದೇ ನೌಕೆಯ ಮಿನಿ-ಸಾರ್ ರಾಡಾರಿನ ಫಲ ಇಷ್ಟು ಗಟ್ಟಿಯಲ್ಲ. ಉತ್ತರ ಧ್ರುವದ ನಲವತ್ತಕ್ಕೂ ಹೆಚ್ಚು ಕುಳಿಗಳಲ್ಲಿ 60 ಕೋಟಿ ಟನ್ ಮಂಜುಗಡ್ಡೆ ಇರಬಹುದೆಂದು ಅಂದಾಜಾಯಿತು, ಆದರೆ ಒರಟು ಬಂಡೆಗಳೂ ರಾಡಾರಿಗೆ ಹಾಗೆಯೇ ಕಾಣುತ್ತವೆ. ಹೊಸಕೋಟೆ ತಾಲ್ಲೂಕಿನ ನಂದಗುಡಿ ಕಡೆಯ ರೈತರಿಗೆ ಈ ತಕರಾರು ಹೊಸದಲ್ಲ: ಪಾಯಿಂಟ್ ತೋರಿಸಿದ ಜಾಗದಲ್ಲಿ ನೀರೋ ಬರೀ ಕಲ್ಲೋ ಎಂಬುದು ಬೋರ್ ಕೊರೆಸಿದ ಮೇಲೇ ಗೊತ್ತಾಗುವುದು. ಚಂದ್ರನಲ್ಲಿ ಅಂಥ ಕೊರೆತಕ್ಕೆ ಹತ್ತಿರದ ಕೆಲಸ ನಡೆದದ್ದು 2009ರ ಅಕ್ಟೋಬರ್ 9ರಂದು. ನಾಸಾದ ಎಲ್‌ಕ್ರಾಸ್ ನೌಕೆ ಕಬೇಯಸ್ ಕುಳಿಗೆ ರಾಕೆಟ್ ಹಂತವನ್ನು ಅಪ್ಪಳಿಸಿತು; ಎದ್ದ ಧೂಳಿನಲ್ಲಿ ನೀರು ಕಂಡಿತು.

ಪುಟ್ಟ ನೌಕೆಗೆ ಒಗ್ಗುವ ಮಾದರಿ ಚಂದ್ರಯಾನ-1ರಲ್ಲೇ ಇತ್ತು. 35 ಕಿಲೋದ ಮೂನ್ ಇಂಪ್ಯಾಕ್ಟ್ ಪ್ರೋಬ್ ತಾಯಿನೌಕೆಯ ಬೆನ್ನೇರಿ ಹೋಗಿ, 2008ರ ನವೆಂಬರ್ 14ರಂದು ಬೇರ್ಪಟ್ಟು, ಸುಮಾರು 25 ನಿಮಿಷ ಕೆಳಗಿಳಿಯುತ್ತ ಚೇಸ್ ಎಂಬ ದ್ರವ್ಯರಾಶಿ ರೋಹಿತಮಾಪಕದಿಂದ ತೆಳು ವಾಯುಮಂಡಲವನ್ನು ಅಳೆಯಿತು. ಅದರಲ್ಲಿ ನೀರಾವಿಯ ಗುರುತಿತ್ತು. ನೌಕೆಯೊಂದಿಗೇ ಭೂಮಿಯಿಂದ ಹೋದ ತೇವಾಂಶ ಎಷ್ಟು ಎಂಬ ಪ್ರಶ್ನೆ ಇಂಥ ಅಳತೆಗೆ ಅಂಟಿಕೊಂಡೇ ಇರುತ್ತದೆ, ಮತ್ತು ಒಂದೇ ಇಳಿತದಲ್ಲಿ ಅಳತೆಯನ್ನು ಮರಳಿ ಮಾಡಿ ನೋಡುವಂತಿಲ್ಲ. ಹಾಗಿದ್ದೂ ಕಕ್ಷೆ ಸೇರುವ ಹೊರೆ ತನ್ನದಲ್ಲದ್ದರಿಂದ ಆ ಪುಟ್ಟ ಪೆಟ್ಟಿಗೆ ಕೊಟ್ಟ ಕೆಲಸ ಮುಗಿಸಿತು.

ಎಂ-ಥ್ರೀ ನೋಡಬಲ್ಲ ತರಂಗಾಂತರ 3 ಮೈಕ್ರಾನಿಗೆ ನಿಲ್ಲುತ್ತಿತ್ತು; ಹಾಗಾಗಿ ಹೈಡ್ರಾಕ್ಸಿಲನ್ನು ನೀರಿನಿಂದ ಬೇರ್ಪಡಿಸುವುದು ಕಷ್ಟವಾಯಿತು. 2019ರಲ್ಲಿ ಚಂದ್ರನನ್ನು ಸೇರಿದ ಚಂದ್ರಯಾನ-2 ಕಕ್ಷಾನೌಕೆಯ ಐಐಆರ್‌ಎಸ್ ರೋಹಿತಮಾಪಕ 5 ಮೈಕ್ರಾನ್‌ವರೆಗೆ ನೋಡುತ್ತದೆ. ಆ ಕಕ್ಷಾನೌಕೆಯ ತೂಕ ಹೊರಟಾಗ 2,379 ಕಿಲೋ. ವರ್ಷಗಟ್ಟಲೆ ಸುತ್ತಿ ನಕ್ಷೆ ತಯಾರಿಸುವುದು ಇಂಥ ನೌಕೆಗಳ ಪಾಲಿಗೇ ಸರಿ. ಅವುಗಳಿಂದ ಬಿಡುಗಡೆಯಾಗಿ ಕತ್ತಲ ಕುಳಿಯೊಂದರ ಮೇಲೆ ತೀರ ಕೆಳಗೆ ಹಾದು, ಅಳತೆ ಕಳಿಸಿ, ಅಲ್ಲೇ ಬಿದ್ದು ಹೋಗುವ ಕೆಲಸ ಪುಟ್ಟ ಉಪಗ್ರಹಕ್ಕೆ ಒಪ್ಪುತ್ತದೆ. ದೊಡ್ಡ ನೌಕೆಯನ್ನು ಅಷ್ಟು ಕೆಳಗೆ ಇಳಿಸುವ ಅಪಾಯವನ್ನು ಯಾರೂ ಸುಲಭವಾಗಿ ಮೈಮೇಲೆ ಎಳೆದುಕೊಳ್ಳುವುದಿಲ್ಲ.