ಹೆನ್ರಿ ಸ್ಟಾಮೆಲರ ಸಮುದ್ರಸಿದ್ಧಾಂತಗಳು: ಒಂದು ವಿಮರ್ಶೆ

ಅಮೆರಿಕದ ಸಮುದ್ರವಿಜ್ಞಾನಿ ಹೆನ್ರಿ ಸ್ಟಾಮೆಲರ (1920–1992) ಹೆಸರು ಮುಖ್ಯವಾಗಿ ಎರಡು ಲೇಖನಗಳ ಸಂಬಂಧದಲ್ಲಿ ಕೇಳಿಬರುತ್ತದೆ. ಶಾಸ್ತ್ರಜ್ಞರು 1948ರ ಲೇಖನವನ್ನು ಕೊಂಡಾಡುವರು. ವಾಯುಗುಣದ ಭವಿಷ್ಯವನ್ನು ಕುರಿತು ವಾದಿಸುವವರು 1961ರ ಲೇಖನವನ್ನು ಮುಂದಿಡುವರು. ಮೊದಲನೆಯದು ಐದು ಪುಟಗಳು, ಎರಡನೆಯದು ಏಳು ಪುಟಗಳು. ಇಷ್ಟು ಅಲ್ಪಗಾತ್ರದ ಬರಹಗಳು ತಮ್ಮ ಮೇಲೆ ಹೇರಿರುವ ಭಾರವನ್ನು ತಾಳಬಲ್ಲವೇ ಎಂಬುದು ವಿಚಾರಣೀಯವಾದ ವಿಷಯವಾಗಿದೆ.

ಸ್ಟಾಮೆಲರು ಯೇಲ್ ವಿಶ್ವವಿದ್ಯಾಲಯದಲ್ಲಿ 1942ರಲ್ಲಿ ಪದವಿಯನ್ನು ಪಡೆದು, 1944ರಲ್ಲಿ ವುಡ್ಸ್ ಹೋಲ್ ಸಮುದ್ರಸಂಶೋಧನಾಲಯವನ್ನು ಸೇರಿದರು. ಮುಂದೆ ಹಾರ್ವರ್ಡಿನಲ್ಲಿಯೂ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾದ ಇವರು ಓದಿ ಗಳಿಸಿದ ಡಾಕ್ಟರೇಟ್ ಇಲ್ಲದವರಾಗಿದ್ದರು.

ಗಲ್ಫ್ ಸ್ಟ್ರೀಮ್ ಎಂಬ ಪ್ರವಾಹವು ಅಟ್ಲಾಂಟಿಕ್ ಸಾಗರದ ಪಶ್ಚಿಮದಂಚಿಗೆ ಒತ್ತಿಕೊಂಡು ಕಿರಿದಾಗಿಯೂ ವೇಗವಾಗಿಯೂ ಹರಿಯುವುದು. ಜಪಾನಿನ ಬಳಿಯ ಕುರೋಶಿಯೊ ಪ್ರವಾಹದ ರೀತಿಯೂ ಇದೇ. ಗಾಳಿಯಾದರೋ ಸಾಗರದ ಮೇಲೆಲ್ಲ ವಿಶಾಲವಾಗಿ ಬೀಸುವುದು. ಹಾಗಾದರೆ ನೀರು ಒಂದೇ ಅಂಚಿಗೆ ಇಕ್ಕಟ್ಟಾಗುವುದೇಕೆ? ಸ್ಟಾಮೆಲರು ಸಾಗರವನ್ನು ಸಮತಳದ ಒಂದು ಆಯತಾಕಾರದ ತೊಟ್ಟಿಯೆಂದು ಕಲ್ಪಿಸಿಕೊಂಡರು. ಭೂಮಿಯು ತಿರುಗದೆ ನಿಂತಿದ್ದರೆ ಪ್ರವಾಹವು ಎರಡು ಬದಿಗಳಲ್ಲಿಯೂ ಸಮನಾಗಿರುವುದು. ತಿರುಗುವಿಕೆಯ ಪ್ರಭಾವವು ಎಲ್ಲೆಡೆಯೂ ಒಂದೇ ಆಗಿದ್ದರೂ ಹಾಗೆಯೇ. ಆ ಪ್ರಭಾವವು ಅಕ್ಷಾಂಶವನ್ನನುಸರಿಸಿ ಹೆಚ್ಚುತ್ತ ಹೋಗುವುದೆಂದು ಇಟ್ಟುಕೊಂಡೊಡನೆ ನೀರು ಪಶ್ಚಿಮಕ್ಕೆ ಒತ್ತರಿಸುವುದು. ಬೇರೆಲ್ಲ ಕಾರಣಗಳನ್ನು ತೆಗೆದುಹಾಕಿ ಒಂದನ್ನೇ ಉಳಿಸಿಕೊಂಡ ಈ ಧೈರ್ಯವು ಮೆಚ್ಚತಕ್ಕದ್ದು.

ಇಲ್ಲಿ ಒಂದು ದೋಷವುಂಟು. ನೀರು ತಳಕ್ಕೆ ಉಜ್ಜಿ ವೇಗವನ್ನು ಕಳೆದುಕೊಳ್ಳುವುದೆಂಬ ಭಾವನೆಯು ಲೆಕ್ಕದ ಸೌಕರ್ಯಕ್ಕಾಗಿ ಮಾಡಿಕೊಂಡದ್ದೇ ಹೊರತು ಕಡಲಿನಲ್ಲಿ ಕಂಡದ್ದಲ್ಲ. 1950ರಲ್ಲಿ ವಾಲ್ಟರ್ ಮಂಕ್‌ರು ಆ ಘರ್ಷಣೆಯ ಬದಲು ನೀರಿನ ಪಾರ್ಶ್ವಘರ್ಷಣೆಯನ್ನು ಇಟ್ಟು ಲೆಕ್ಕಮಾಡಿದರು; ಪ್ರವಾಹವು ಆಗಲೂ ಪಶ್ಚಿಮಕ್ಕೇ ಬಂದಿತು. ಕೃತಕವಾದ ಭಾಗವನ್ನು ಬದಲಿಸಿದರೂ ಫಲಿತಾಂಶವು ನಿಲ್ಲುವುದೇ ಎಂಬುದೇ ಇಂತಹ ಸಿದ್ಧಾಂತಗಳಿಗೆ ಸರಿಯಾದ ಒರೆಗಲ್ಲು.

ಆರ್ನಲ್ಡ್ ಏರನ್ಸರೊಡನೆ 1960ರಲ್ಲಿ ಪ್ರಕಟಿಸಿದ ಆಳಸಮುದ್ರದ ಸಿದ್ಧಾಂತವು ಈ ಒರೆಗಲ್ಲಿನ ಮೇಲೆ ಅರ್ಧಮಾತ್ರ ಗೆದ್ದಿದೆ. ಧ್ರುವಗಳ ಕಡೆಯಲ್ಲಿ ಮುಳುಗುವ ತಣ್ಣೀರು ಸಾಗರದ ಎಲ್ಲ ಕಡೆಯೂ ಸಮನಾಗಿ ಮೇಲೇರುವುದೆಂದು ಅದರ ಊಹೆ. ಆಳದಲ್ಲಿ ದಕ್ಷಿಣಾಭಿಮುಖವಾದ ಒಂದು ಪಶ್ಚಿಮಪ್ರವಾಹವಿರಬೇಕೆಂದು ಸ್ಟಾಮೆಲರು ಮೊದಲೇ ಹೇಳಿದ್ದುದನ್ನು 1957ರಲ್ಲಿ ಸ್ವಾಲೋ ಮತ್ತು ವರ್ದಿಂಗ್ಟನ್‌ರು ತೇಲುಸಾಧನಗಳಿಂದ ಪ್ರತ್ಯಕ್ಷವಾಗಿ ಕಂಡರು. ಆದರೆ 1959–60ರಲ್ಲಿ ಬರ್ಮುಡಾದ ಬಳಿ ನಡುಗಡಲಿನ ಮಂದಗತಿಯನ್ನು ಅಳೆಯಹೋದ ಸ್ವಾಲೋರಿಗೆ ದೊರೆತದ್ದು ವೇಗವುಳ್ಳ ಸುಳಿಗಳು. ಸಮನಾದ ಮೇಲೇರಿಕೆಯೂ ಸುಳ್ಳಾಯಿತು; ಒರಟಾದ ತಳದ ಮೇಲೆ ನೀರು ಬಹಳವಾಗಿ ಬೆರೆಯುವುದೆಂದೂ ನುಣುಪಾದ ಕಡೆ ಅಷ್ಟಾಗಿ ಬೆರೆಯದೆಂದೂ ಮುಂದೆ ತಿಳಿದುಬಂದಿತು. ಸ್ಟಾಮೆಲರು ತಮ್ಮ ಸಿದ್ಧಾಂತಕ್ಕೆ ಅಂಟಿಕೊಂಡು ಕೂರದೆ ಸುಳಿಗಳನ್ನೇ ಅಳೆಯುವ 1973ರ ಮಹಾಪ್ರಯೋಗಕ್ಕೆ ಮುಂದಾಳುಗಳಲ್ಲೊಬ್ಬರಾದರು. ಪಂಡಿತರಲ್ಲಿ ಈ ಗುಣವು ವಿರಳ.

ಇನ್ನು 1961ರ ಲೇಖನ. ಎರಡು ಪಾತ್ರೆಗಳು, ಕೆಳಗೆ ಒಂದು ಸಣ್ಣ ಕೊಳವೆ, ಮೇಲೆ ನೀರು ಹರಿಯಲು ದಾರಿ. ಒಂದರಲ್ಲಿ ಬಿಸಿಯಾದ ಉಪ್ಪುನೀರು, ಇನ್ನೊಂದರಲ್ಲಿ ತಂಪಾದ ಸಪ್ಪೆನೀರು. ಉಷ್ಣತೆಯು ಬೇಗ ಸರಿಹೋಗುವುದು, ಉಪ್ಪು ನಿಧಾನವಾಗಿ. ಇಷ್ಟರಿಂದಲೇ ಒಂದೇ ಪರಿಸ್ಥಿತಿಯಲ್ಲಿ ಎರಡು ಬಗೆಯ ಸ್ಥಿರಪ್ರವಾಹಗಳು ಸಾಧ್ಯವಾಗುವುವು. ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಹಾರುವುದೂ ಸಾಧ್ಯ. ಇದರ ಬುಡವು ಗಟ್ಟಿಯಾದುದು: ಸಮುದ್ರದ ಮೇಲ್ಮೈಯ ಉಷ್ಣತೆಯನ್ನು ಗಾಳಿಯು ತಿದ್ದುವುದು, ಉಪ್ಪನ್ನು ತಿದ್ದಲಾರದು. ಆದುದರಿಂದ ಗ್ರೀನ್‌ಲೆಂಡಿನ ಹಿಮವು ಕರಗಿ ಉತ್ತರ ಅಟ್ಲಾಂಟಿಕ್ ಸಪ್ಪೆಯಾದರೆ ಏನಾದೀತೆಂಬ ಪ್ರಶ್ನೆಯನ್ನು ಆಟಿಕೆಯ ಲೆಕ್ಕವೆಂದು ತಳ್ಳಿಹಾಕುವವರ ಮಾತು ಒಪ್ಪತಕ್ಕದ್ದಲ್ಲ. ಆದರೆ ಪಾತ್ರೆಗಳಲ್ಲಿ ಗಾಳಿಯಿಲ್ಲ, ಭೂಭ್ರಮಣವಿಲ್ಲ. ಹಾರುವ ಗಡಿಯು ಪಾತ್ರೆಯ ಅಂಕಿಗಳನ್ನೇ ಅವಲಂಬಿಸಿದೆ. ಸಾಧ್ಯತೆಗೆ ಈ ಲೇಖನವು ಸಾಕ್ಷಿಯಾಗಬಹುದು, ಇಸವಿಯನ್ನು ಹೇಳಲಾರದು.

2023ರಲ್ಲಿ ಪ್ರಕಟವಾದ ಒಂದು ಲೇಖನವು ಸರಳಗಣಿತವನ್ನೂ ಮೇಲ್ಮೈಯ ಉಷ್ಣತೆಯ ದಾಖಲೆಯನ್ನೂ ಆಧರಿಸಿ, ಅಟ್ಲಾಂಟಿಕ್ ಪರಿಚಲನೆಯು ಈ ಶತಮಾನದ ಮಧ್ಯಭಾಗದ ಸುಮಾರಿಗೆ ಕುಸಿಯಬಹುದೆಂದು ಗಣಿಸಿತು. 2100ಕ್ಕೆ ಮುಂಚೆ ಹಠಾತ್ ಕುಸಿತವಾಗದೆಂದು, ಮಧ್ಯಮ ಪ್ರಮಾಣದ ವಿಶ್ವಾಸದಿಂದ, ವಾಯುಗುಣವನ್ನು ಕುರಿತ ಅಂತರರಾಷ್ಟ್ರೀಯ ಸಮಿತಿಯು 2021ರಲ್ಲಿ ಹೇಳಿತ್ತು. ಆ ಪರಿಚಲನೆಯನ್ನು ನೇರವಾಗಿ, ಎಡೆಬಿಡದೆ ಅಳೆಯಲು 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸಾಧನಗಳನ್ನಿಟ್ಟದ್ದು 2004ರಲ್ಲಿ ಮಾತ್ರ. ಸೆಕೆಂಡಿಗೆ ಸುಮಾರು 170 ಲಕ್ಷ ಘನಮೀಟರು ನೀರಿನ ಆ ಹರಿವಿನ ವಿಷಯದಲ್ಲಿ ಇಪ್ಪತ್ತು ವರ್ಷದ ಲೆಕ್ಕವು ಬಹಳ ಚಿಕ್ಕದು.

ಸ್ಟಾಮೆಲರಾದರೋ ಸಾಗರದಲ್ಲಿಯೂ ಇಂತಹ ಬೇರೆ ಸ್ಥಿತಿಗಳಿರಬಹುದೇ ಎಂದು ಲೇಖನದ ಕೊನೆಯಲ್ಲಿ ಕೇಳಿ, ಉತ್ತರವನ್ನು ಕೊಡದೆ ಬಿಟ್ಟರು. ಅದಕ್ಕೆ ಏಳು ವರ್ಷ ಮುಂಚೆ, 1954ರಲ್ಲಿ, ಬರ್ಮುಡಾದ ಹೊರಗಡಲಿನ ಒಂದೇ ಜಾಗಕ್ಕೆ ಪ್ಯಾನ್ಯುಲಿರಸ್ ಎಂಬ ಪುಟ್ಟ ಹಡಗಿನಲ್ಲಿ ಮತ್ತೆ ಮತ್ತೆ ಹೋಗಿ ಆಳದ ಉಷ್ಣತೆಯನ್ನೂ ಉಪ್ಪನ್ನೂ ಅಳೆದುಬರುವ ಏರ್ಪಾಡನ್ನು ಅವರೇ ಮಾಡಿಸಿದ್ದರು. ಹಡಗುಗಳು ಬದಲಾದುವು, ಅಳತೆಯು ಅವರ ಮರಣಾನಂತರವೂ ಮುಂದುವರಿಯಿತು.