ಹಿಂದಿನ ಆಟದ ಋಣ

ಕಾದಂಬರಿಯ ಎರಡನೆಯ ಭಾಗ ಬರೆಯುವವರಿಗೆ ಒಂದು ನೆಮ್ಮದಿ ಇರುತ್ತದೆ. ಮೊದಲ ಭಾಗದಲ್ಲಿ ಸತ್ತವರು ಎಲ್ಲ ಓದುಗರ ಪಾಲಿಗೂ ಸತ್ತಿರುತ್ತಾರೆ. ವಿಡಿಯೋ ಗೇಮ್ ಸರಣಿಗಳಿಗೆ ಈ ನೆಮ್ಮದಿ ಇಲ್ಲ. ಮೊದಲ ಗೇಮಿನಲ್ಲಿ ನಾನು ಉಳಿಸಿದ ಪಾತ್ರವನ್ನು ನನ್ನ ರೂಮ್‌ಮೇಟ್ ಕೊಂದಿರಬಹುದು. ಮುಂದಿನ ಭಾಗ ಬಂದಾಗ ಇಬ್ಬರೂ ಕೊಳ್ಳುವುದು ಒಂದೇ ಗೇಮನ್ನು. ಅದು ಯಾರ ಮಾತನ್ನು ನಂಬಬೇಕು?

ನನ್ನ ಸಂಶೋಧನೆಯ ವಿಷಯ ಕಾದಂಬರಿಯ ನಿರೂಪಕ. ಗೇಮುಗಳ ಮಾತೆತ್ತಿದರೆ ಸೆಮಿನಾರುಗಳಲ್ಲಿ ಚರ್ಚೆ ‘ಅದು ಸಾಹಿತ್ಯವೇ?’ ಎಂಬಲ್ಲಿಗೇ ನಿಂತುಬಿಡುತ್ತದೆ. ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಕಥೆಯೊಂದು ತನ್ನ ಹಿಂದಿನ ಕಂತನ್ನು ಹೇಗೆ ನೆನೆಯುತ್ತದೆ ಎಂಬುದು ನಮಗೆ ಹೊಸ ಪ್ರಶ್ನೆಯೇನಲ್ಲ. ಆದರೆ ಕಥೆ ಕೇಳಿದವನೇ ಅದರೊಳಗಿನ ಕೃತ್ಯವನ್ನು ಮಾಡಿದವನೂ ಆಗಿದ್ದರೆ? (ಮುಂದೆ ಕೆಲವು ಗೇಮುಗಳ ಅಂತ್ಯ ಬಯಲಾಗುತ್ತದೆ. ಅದನ್ನು ಮುಚ್ಚಿಟ್ಟು ಈ ವಿಷಯ ಮಾತಾಡಲು ಬರುವುದಿಲ್ಲ.)

ಈ ತೊಡಕನ್ನು ನೇರವಾಗಿ ಮೈಮೇಲೆ ಎಳೆದುಕೊಂಡದ್ದು ಕೆನಡಾದ ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್’. 2007, 2010, 2012ರಲ್ಲಿ ಬಂದ ಮೂರು ಗೇಮುಗಳು. ಮೂರರಲ್ಲೂ ಶೆಪರ್ಡ್ ಎಂಬ ಸೇನಾಧಿಕಾರಿಯೇ ಮುಖ್ಯ ಪಾತ್ರ. ಆ ಪಾತ್ರ ಗಂಡೋ ಹೆಣ್ಣೋ ಎಂಬುದೂ ಆಡುವವರ ಆಯ್ಕೆ. ಮೊದಲ ಗೇಮ್ ಮುಗಿದಾಗ ಉಳಿಯುವ ಸೇವ್ ಫೈಲನ್ನು ಎರಡನೆಯದು ಓದಿಕೊಳ್ಳುತ್ತದೆ, ಎರಡನೆಯದರದ್ದನ್ನು ಮೂರನೆಯದು. ವರ್ಮಾಯರ್ ಎಂಬ ಗ್ರಹದಲ್ಲಿ ಇಬ್ಬರು ಸಂಗಾತಿಗಳಲ್ಲಿ ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯ. ಉಳಿದವರು ಮೂರನೆಯ ಗೇಮಿನವರೆಗೂ ನಮ್ಮನ್ನು ಅನುಮಾನದಿಂದಲೋ ಪ್ರೀತಿಯಿಂದಲೋ ನೋಡುತ್ತಾರೆ. ನೀವು ಮಾಡಿದ್ದು ವ್ಯರ್ಥವಾಗದು ಎಂಬುದೇ ಸರಣಿ ಆಟಗಾರರಿಗೆ ಕೊಟ್ಟ ಭಾಷೆ.

ಈ ಭಾಷೆಯ ಗಣಿತ ಮಾತ್ರ ಭಯಂಕರ. ಒಂದು ಆಯ್ಕೆಗೆ ಎರಡು ದಾರಿ ಎಂದರೆ ಹತ್ತು ಆಯ್ಕೆಗಳಿಗೆ 1,024 ದಾರಿಗಳು. ಪ್ರತಿ ದಾರಿಗೂ ದೃಶ್ಯ ಕಟ್ಟಬೇಕು, ನಟರ ದನಿ ಮುದ್ರಿಸಬೇಕು. ಯಾವ ಸಂಸ್ಥೆಯಿಂದಲೂ ಆಗದ ಕೆಲಸ. ಹಾಗಾಗಿ ಕವಲೊಡೆದ ಕಥೆಯನ್ನು ಮುಂದೆಲ್ಲೋ ಒಂದು ಕಡೆ ಮತ್ತೆ ಕೂಡಿಸಲೇಬೇಕಾಗುತ್ತದೆ. ಕೂಡಿಸುವುದನ್ನು ನಾನು ಮೋಸ ಎನ್ನುವುದಿಲ್ಲ, ಆದರೆ ಕೂಡಿಸಿದ ರೀತಿಯನ್ನು ನೋಡಬೇಕು. ಮೊದಲ ಗೇಮಿನಲ್ಲಿ ರಾಕ್ನಿ ಎಂಬ ಕೀಟಕುಲದ ಕೊನೆಯ ರಾಣಿ ನಮ್ಮ ಕೈಗೆ ಸಿಗುತ್ತದೆ. ಬಿಟ್ಟರೆ ಒಂದು ಕುಲ ಮತ್ತೆ ಬದುಕುತ್ತದೆ, ಕೊಂದರೆ ಅಳಿಯುತ್ತದೆ. ನಾನು ಆ ತೆರೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ಮೂರನೆಯ ಗೇಮಿಗೆ ಬಂದರೆ, ಬಿಟ್ಟವರಿಗೆ ಆ ರಾಣಿ ಸಿಗುತ್ತದೆ. ಕೊಂದವರಿಗೆ ಶತ್ರುಗಳು ಕೃತಕವಾಗಿ ಬೆಳೆಸಿದ ಇನ್ನೊಂದು ರಾಣಿ ಸಿಗುತ್ತದೆ. ಗುಹೆ ಅದೇ, ಕಾಳಗ ಅದೇ. ಕೊನೆಗೆ ಉಳಿಯುವ ವ್ಯತ್ಯಾಸ ಹೆಚ್ಚಿನ ಮಟ್ಟಿಗೆ ಅಂಕಿಗಳಲ್ಲಿ.

ಅಂಕಿ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಮೂರನೆಯ ಗೇಮಿನಲ್ಲಿ ನಾವು ಉಳಿಸಿದ ಕುಲಗಳು, ಹಡಗುಗಳು, ಗೆಳೆಯರು ಎಲ್ಲರೂ ಯುದ್ಧಬಲದ ಪಟ್ಟಿಯೊಂದರಲ್ಲಿ ಹೆಸರಿನ ಮುಂದೆ ಒಂದು ಸಂಖ್ಯೆಯಾಗಿ ಕಾಣಿಸಿಕೊಳ್ಳುತ್ತಾರೆ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ಅಂಕ ಸಾಕಷ್ಟು ಕೂಡಿದ್ದರೆ ಕೊನೆಯಲ್ಲಿ ಮೂರು ದಾರಿ ತೆರೆಯುತ್ತವೆ. ಮೂರರ ಸ್ಫೋಟಗಳೂ ಬಣ್ಣ ಬಿಟ್ಟರೆ ಬಹುಮಟ್ಟಿಗೆ ಒಂದೇ ತೆರನಾಗಿದ್ದವು. 2012ರ ಮಾರ್ಚಿನಲ್ಲಿ ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದರು. ಜೂನ್‌ನಲ್ಲಿ ಸಂಸ್ಥೆ ಅಂತ್ಯವನ್ನು ಹಿಗ್ಗಿಸಿ, ವಿವರಿಸಿ, ಉಚಿತವಾಗಿ ಕೊಟ್ಟಿತು. ಆ ಗಲಾಟೆಯನ್ನು ಹಟಮಾರಿ ಗಿರಾಕಿಗಳ ಕೂಗಾಟ ಎಂದು ತಳ್ಳಿಹಾಕಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಐದು ವರ್ಷ ಒಂದು ಕಥೆಗೆ ಸಾಕ್ಷಿ ಹೇಳಿದವರು, ತಮ್ಮ ಸಾಕ್ಷ್ಯವನ್ನು ಓದದೆಯೇ ತೀರ್ಪು ಕೊಟ್ಟರು ಎಂದು ದೂರುತ್ತಿದ್ದರು. ಅಂತ್ಯ ಹಿಗ್ಗಿಸಿದ್ದರಿಂದ ಆ ದೂರು ತೀರುವಂತಿರಲಿಲ್ಲ.

ಸೇವ್ ಫೈಲ್ ಇಲ್ಲದವರ ಕಥೆ ಇನ್ನೂ ವಿಚಿತ್ರ. ಡಿಗ್ರಿಯಲ್ಲಿದ್ದಾಗ ಹಾಸ್ಟೆಲಿನಲ್ಲಿ ನನ್ನ ಕಂಪ್ಯೂಟರ್ ಕೆಟ್ಟು ಮೊದಲ ಗೇಮಿನ ಫೈಲು ಹೋಯಿತು. ಎರಡನೆಯದನ್ನು ಹಾಗೇ ಶುರು ಮಾಡಿದೆ. ಹಿಂದಿನ ಫೈಲು ಕೊಡದಿದ್ದರೆ ಗೇಮ್ ತಾನೇ ಒಂದು ಗತಕಾಲವನ್ನು ಊಹಿಸಿಕೊಳ್ಳುತ್ತದೆ. ಆ ಗತಕಾಲದಲ್ಲಿ ರಾಕ್ನಿ ರಾಣಿ ಸತ್ತಿದೆ. ಕ್ರೋಗನ್ ಕುಲದ ರೆಕ್ಸ್, ನನ್ನ ಮಟ್ಟಿಗೆ ಇಡೀ ಸರಣಿಯ ಅತಿ ಆಪ್ತ ಪಾತ್ರ, ಅವನೂ ಸತ್ತಿದ್ದಾನೆ. ವರ್ಮಾಯರ್‌ನಲ್ಲಿ ಅವನನ್ನು ಮಾತಿನಿಂದ ಒಲಿಸಿ ಉಳಿಸಿಕೊಂಡಿದ್ದವನು ನಾನು. ಅವನ ಗ್ರಹಕ್ಕೆ ಹೋದರೆ ಗದ್ದುಗೆಯ ಮೇಲೆ ರೀವ್ ಎಂಬ ಇನ್ಯಾರೋ ಕೂತಿದ್ದ. ಯಾರದೋ ಪಾಪ ನನ್ನ ಖಾತೆಗೆ ಬಂದಿತ್ತು. ಪ್ಲೇಸ್ಟೇಷನ್ 3ರಲ್ಲಿ ಎರಡನೆಯ ಗೇಮ್ ಬಂದಾಗ ಮೊದಲನೆಯದು ಅದರಲ್ಲಿ ಸಿಗುತ್ತಲೇ ಇರಲಿಲ್ಲ. ಆ ಆಟಗಾರರಿಗಾಗಿ ಸಂಸ್ಥೆ ಒಂದು ಕಾಮಿಕ್ಸ್ ಮಾಡಿಸಿತು: ಚಿತ್ರಗಳನ್ನು ನೋಡುತ್ತಾ ಹೋಗಿ, ನಡುನಡುವೆ ‘ಕೊಂದೆ’, ‘ಬಿಟ್ಟೆ’ ಎಂದು ಆರಿಸಿದರಾಯಿತು, ಗತಕಾಲ ಸಿದ್ಧ. ಇದೇ ಸಂಸ್ಥೆ ‘ಡ್ರ್ಯಾಗನ್ ಏಜ್’ ಸರಣಿಗೆ 2014ರಲ್ಲಿ, ಹಿಂದಿನ ಗೇಮುಗಳ ನಿರ್ಧಾರಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಜಾಲತಾಣವನ್ನೇ ತೆರೆಯಿತು. ಹತ್ತು ವರ್ಷದ ನಂತರ ಬಂದ ಆ ಸರಣಿಯ ‘ದ ವೇಲ್‌ಗಾರ್ಡ್’ ಹಿಂದಿನದರಿಂದ ಕೇಳಿದ್ದು ಮೂರೇ ಮೂರು ನಿರ್ಧಾರಗಳನ್ನು. ಉದ್ದರಿ ಪುಸ್ತಕ ತುಂಬಿ ಹೋದಾಗ ಅಂಗಡಿಯವನು ಅದನ್ನು ಅಟ್ಟಕ್ಕೆ ಎಸೆದಂತಾಯಿತು.

ಆದರೆ ‘ಮಾಸ್ ಎಫೆಕ್ಟ್’ನಲ್ಲಿ ಒಂದು ಪ್ರಸಂಗ ಈ ಲೆಕ್ಕವನ್ನೆಲ್ಲ ಮೀರುತ್ತದೆ. ಕ್ರೋಗನ್ನರ ಸಂತಾನ ಕುಗ್ಗಿಸಲು ಬೇರೆ ಕುಲಗಳು ಹಿಂದೊಮ್ಮೆ ಒಂದು ರೋಗ ಹರಡಿದ್ದವು. ಆ ರೋಗದ ಮೇಲೆ ಕೆಲಸ ಮಾಡಿದ ವಿಜ್ಞಾನಿ ಮಾರ್ಡಿನ್ ಎರಡನೆಯ ಗೇಮಿನಲ್ಲಿ ನಮ್ಮ ಜೊತೆಗಾರ. ಮೂರನೆಯದರಲ್ಲಿ ಅದನ್ನು ವಾಸಿ ಮಾಡಲು ಹೊರಡುತ್ತಾನೆ. ಹಾಗೆ ಹೊರಟರೆ ಅವನು ಸಾಯುತ್ತಾನೆ. ಅವನನ್ನು ಮಾತಿನಿಂದ ತಡೆಯಲು ಒಂದೇ ದಾರಿ: ಮೊದಲ ಗೇಮಿನಲ್ಲಿ ರೆಕ್ಸ್ ಸತ್ತಿರಬೇಕು, ಎರಡನೆಯದರಲ್ಲಿ ಮಾರ್ಡಿನ್‌ನ ಶಿಷ್ಯನ ಸಂಶೋಧನೆಯನ್ನು ನಾವು ಸುಟ್ಟಿರಬೇಕು, ಆ ಸಂಶೋಧನೆಯಿಲ್ಲದೆ ಕ್ರೋಗನ್ನರ ವಿವೇಕವಂತ ಹೆಣ್ಣೊಬ್ಬಳು ಬದುಕುವುದಿಲ್ಲ. ವಿವೇಕ ಹೇಳುವವರು ಯಾರೂ ಉಳಿಯದೆ ರೀವ್‌ನಂಥ ಯುದ್ಧಕೋರನ ಕೈಗೆ ಆ ಕುಲ ಸಿಕ್ಕಿದ್ದರೆ ಮಾತ್ರ ‘ಇವರನ್ನು ವಾಸಿ ಮಾಡಬೇಡ’ ಎಂಬ ನಮ್ಮ ಮಾತಿಗೆ ಮಾರ್ಡಿನ್ ಒಪ್ಪುತ್ತಾನೆ. ಒಳ್ಳೆಯವರನ್ನೆಲ್ಲ ಕಳೆದುಕೊಂಡವನಿಗೆ ಮಾತ್ರ ಈ ಗೆಳೆಯ ಉಳಿಯುತ್ತಾನೆ. ಎರಡು ಗೇಮುಗಳ ಹಿಂದಿನ ಗುಂಡೊಂದು ಇಲ್ಲಿ ಬಂದು ತಾಗುತ್ತದೆ. ಹೀಗೆ ತಾಗಲು ಕಾರಣ, ಇಲ್ಲಿ ಗತಕಾಲವನ್ನು ನೆನೆಯುತ್ತಿರುವುದು ಪಟ್ಟಿಯಲ್ಲ, ಮಾರ್ಡಿನ್.

ನಮ್ಮ ರನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗದಾಯುದ್ಧದ ಕೊನೆಯ ದಿನದೊಳಗೆ ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ ತರುವಾಗ, ಅವನು ದುರ್ಯೋಧನನನ್ನು ರಣರಂಗದಲ್ಲಿ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಹೀಗೆ ಒಂದೊಂದೇ ಹೆಣ ಎದುರಾಗುತ್ತದೆ. ನಡೆದದ್ದೇನು ಎಂದು ಓದುಗರಿಗೆ ಮೊದಲೇ ಗೊತ್ತು. ಅದು ಯಾರ ಎದೆಯಲ್ಲಿ ಎಷ್ಟು ಉಳಿದಿದೆ ಎಂಬುದು ಆ ನಡಿಗೆಯಲ್ಲಿ ತಿಳಿಯುತ್ತದೆ.

ಜಪಾನಿನ ಎರಡು ಸರಣಿಗಳು ಈ ಪ್ರಶ್ನೆಯ ಪಕ್ಕದಿಂದಲೇ ಹಾದು ಹೋದವು. 2001ರ ‘ಮೆಟಲ್ ಗಿಯರ್ ಸಾಲಿಡ್ 2’ರಲ್ಲಿ ನಿರ್ದೇಶಕ ಹಿದೆಯೋ ಕೊಜಿಮಾ ಹಿಂದಿನ ನಾಯಕ ಸ್ನೇಕ್‌ನನ್ನು ಮೊದಲ ಅಧ್ಯಾಯಕ್ಕೇ ಬದಿಗಿಟ್ಟು, ರೈಡನ್ ಎಂಬ ಹುಡುಗನನ್ನು ನಮ್ಮ ಕೈಗೆ ಕೊಟ್ಟ. ಸ್ನೇಕ್‌ನ ಸಾಹಸಗಳನ್ನು ಅವನು ಕಂಪ್ಯೂಟರ್ ಮೇಲಿನ ಅಭ್ಯಾಸಗಳಲ್ಲಷ್ಟೇ ಮಾಡಿರುತ್ತಾನೆ, ಅಂದರೆ ನಮ್ಮ ಹಾಗೆಯೇ. ಉತ್ತರಭಾಗ ಬೇಡುವವರು ನಿಜಕ್ಕೂ ಬೇಡುವುದು ಮೊದಲ ಭಾಗವನ್ನೇ ಎಂಬ ಈ ಗೇಲಿ ಜಾಣತನದ್ದು. ಒಮ್ಮೆ ಅರ್ಥವಾದ ಮೇಲೆ ನನಗದು ಒಣಗಿದಂತೆ ಕಂಡಿತು. ನಿಂಟೆಂಡೋದ ‘ಜೆಲ್ಡಾ’ 1986ರಿಂದ ಹೆಚ್ಚುಕಡಿಮೆ ಅದೇ ಹುಡುಗ, ಅದೇ ರಾಜಕುಮಾರಿ, ಅದೇ ದುಷ್ಟನ ಕಥೆಯನ್ನು ಐತಿಹ್ಯದಂತೆ ಮತ್ತೆ ಮತ್ತೆ ಹೇಳುತ್ತಾ ಬಂತು. ಅಭಿಮಾನಿಗಳ ಕಾಟಕ್ಕೋ ಏನೋ, 2011ರಲ್ಲಿ ಅಧಿಕೃತ ಕಾಲಾನುಕ್ರಮಣಿಕೆಯೊಂದು ಪುಸ್ತಕದಲ್ಲಿ ಅಚ್ಚಾಯಿತು. 1998ರ ‘ಆಕರಿನಾ ಆಫ್ ಟೈಮ್’ನಿಂದ ಅದರಲ್ಲಿ ಮೂರು ಕವಲು, ಒಂದು, ನಾಯಕ ಕೊನೆಯ ಕಾಳಗದಲ್ಲಿ ಸೋತು ಸತ್ತದ್ದು. ಗೇಮಿನೊಳಗೆ ಸೋತರೆ ತೆರೆ ಕಪ್ಪಾಗಿ ಮತ್ತೆ ಶುರುವಾಗುತ್ತದೆ, ಆ ಸೋಲು ನಡೆದೇ ಇಲ್ಲವೆಂಬಂತೆ. ಅಂಥ ಸೋಲಿಗೂ ಒಂದು ಚರಿತ್ರೆ ಇದೆ ಎಂದು ಪುಸ್ತಕವೊಂದು ಒಪ್ಪಿಕೊಂಡದ್ದು ನನಗೆ ಬಹಳ ಇಷ್ಟ.

ಆಯ್ಕೆಯನ್ನೇ ಕೊಡದೆ ಆಟಗಾರನ ಮೇಲೆ ಹೊರೆ ಹೊರಿಸಿದ ಸರಣಿ ‘ದ ಲಾಸ್ಟ್ ಆಫ್ ಅಸ್’. 2013ರ ಮೊದಲ ಗೇಮಿನ ಕೊನೆಗೆ ಜೋಯಲ್ ಎಂಬ ನಡುವಯಸ್ಸಿನವನು ಆಸ್ಪತ್ರೆಯೊಂದಕ್ಕೆ ನುಗ್ಗುತ್ತಾನೆ. ಒಳಗೆ ಎಲೀ ಎಂಬ ಹುಡುಗಿ ಮಲಗಿದ್ದಾಳೆ. ಲೋಕವನ್ನೇ ಹಾಳುಗೆಡವಿದ ಸೋಂಕು ಅವಳಿಗೆ ತಗಲುವುದಿಲ್ಲ. ಮದ್ದು ಬೇಕಾದರೆ ಅವಳ ಮಿದುಳನ್ನು ಬಗೆಯಬೇಕು, ಅವಳು ಸಾಯಬೇಕು. ತನ್ನ ಮಗಳನ್ನು ಕಳೆದುಕೊಂಡಿರುವ ಜೋಯಲ್ ಅದಕ್ಕೆ ಬಿಡುವುದಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯನೊಬ್ಬ ಸಣ್ಣ ಕತ್ತಿ ಹಿಡಿದು ಅಡ್ಡ ನಿಲ್ಲುತ್ತಾನೆ. ಜೊತೆಯಲ್ಲಿರುವ ಇಬ್ಬರನ್ನು ಬಿಟ್ಟುಬಿಡಬಹುದು, ಅವನನ್ನು ಮಾತ್ರ ಕೊಲ್ಲದೆ ಗೇಮ್ ಮುಂದೆ ಹೋಗುವುದಿಲ್ಲ. ಆಮೇಲೆ ಜೋಯಲ್ ಎಲೀಗೆ ಸುಳ್ಳು ಹೇಳುತ್ತಾನೆ, ಕಥೆ ಮುಗಿಯುತ್ತದೆ. 

2020ರ ಎರಡನೆಯ ಭಾಗದಲ್ಲಿ ಆ ವೈದ್ಯನಿಗೆ ಮಗಳಿದ್ದಾಳೆ, ಆ್ಯಬಿ. ಅವಳು ಗೇಮಿನ ಆರಂಭದಲ್ಲೇ ಜೋಯಲ್‌ನನ್ನು ಎಲೀಯ ಕಣ್ಣೆದುರು ಹೊಡೆದು ಕೊಲ್ಲುತ್ತಾಳೆ. ಎಲೀಯಾಗಿ ನಾವು ಸಿಯಾಟಲ್ ನಗರದಲ್ಲಿ ಮೂರು ದಿನ ಸೇಡಿಗಾಗಿ ಅಲೆಯುತ್ತೇವೆ. ಆಮೇಲೆ ಗೇಮ್ ನಮ್ಮನ್ನು ಆ್ಯಬಿಯನ್ನಾಗಿ ಮಾಡಿ ಅದೇ ಮೂರು ದಿನಗಳನ್ನು ಮತ್ತೆ ಬದುಕಿಸುತ್ತದೆ. ಸಿಟ್ಟಿಗೆದ್ದ ಆಟಗಾರರು ಅಂತರ್ಜಾಲದಲ್ಲಿ ರಾಶಿ ರಾಶಿ ಸೊನ್ನೆ ಅಂಕ ಸುರಿದರು. ನನಗೂ ಈ ಗೇಮಿನ ಮೇಲೆ ತಕರಾರುಗಳಿವೆ. ಎಲೀಯಾಗಿ ನಾವು ಕೊಂದ ನಾಯಿಯ ಜೊತೆ ಆ್ಯಬಿಯಾಗಿ ಚೆಂಡಾಡಿಸುವುದು ಬೆತ್ತ ಹಿಡಿದು ಪಾಠ ಹೇಳುವ ಮೇಷ್ಟ್ರ ಕೆಲಸ. ಆಟಗಾರನನ್ನು ನಂಬಿದ್ದರೆ ಆ ಚೆಂಡು ಬೇಕಿರಲಿಲ್ಲ.

ಆದರೆ ಆಸ್ಪತ್ರೆಯ ಕಾರಿಡಾರನ್ನು ಅದು ಬಳಸಿಕೊಂಡ ಬಗೆಗೆ ಬೇರೆ ಸರಣಿಗಳಲ್ಲಿ ಸಾಟಿ ನಾನು ಕಂಡಿಲ್ಲ. ಮೊದಲ ಗೇಮಿನಲ್ಲಿ ಜೋಯಲ್ ಆಗಿ ನಾವು ಓಡಿದ ದಾರಿಯಲ್ಲಿ ಎರಡನೆಯದರಲ್ಲಿ ಆ್ಯಬಿಯಾಗಿ ನಡೆಯುತ್ತೇವೆ, ಅವಳ ದುಃಸ್ವಪ್ನಗಳಲ್ಲಿ, ಒಂದಲ್ಲ ಹಲವು ಸಲ. ಕೊನೆಯ ಬಾಗಿಲು ಯಾವುದು, ಅದರಾಚೆ ಏನಿದೆ ಎಂದು ನನ್ನ ಕೈಗೆ ಗೊತ್ತಿತ್ತು, ಅವಳಿಗಿಂತ ಮೊದಲೇ. ಎಲೀಯೂ ಜೋಯಲ್ ಹೇಳಿದ್ದನ್ನು ನಂಬಲಾರದೆ ಒಬ್ಬಳೇ ಅದೇ ಆಸ್ಪತ್ರೆಗೆ ಹೋಗುತ್ತಾಳೆ. ಹುಡುಕಿಕೊಂಡು ಬಂದ ಜೋಯಲ್‌ಗೆ ಅಲ್ಲೇ ಸತ್ಯ ಹೇಳಬೇಕಾಗುತ್ತದೆ. ಒಂದು ಕಟ್ಟಡ, ಮೂರು ದೇಹ. ಮೂರರಲ್ಲೂ ಕಾಲು ಕದಲಿಸಿದ್ದು ನನ್ನ ಬೆರಳು. ನಾನು ಯಾವ ಆಯುಧ ಬಳಸಿದೆ, ಕೊಲ್ಲುವ ಮೊದಲು ಎಷ್ಟು ತಡೆದೆ ಎಂಬ ದಾಖಲೆ ಎರಡನೆಯ ಗೇಮಿಗೆ ಬೇಕಿಲ್ಲ. ಅದು ಸೇವ್ ಫೈಲ್ ಕೇಳುವುದೂ ಇಲ್ಲ. ಬೇರೆ ದಾರಿ ಇರಲಿಲ್ಲವಲ್ಲ ಎಂಬ ನನ್ನ ವಾದವೂ ಆ್ಯಬಿಯ ಮುಂದೆ ನಿಲ್ಲುವುದಿಲ್ಲ. ಜೋಯಲ್‌ಗೂ ಹಾಗೇ ಅನ್ನಿಸಿತ್ತು.

ಇದನ್ನು ಬರೆಯಲು ಮೊದಲ ಗೇಮನ್ನು ಮತ್ತೆ ಹಾಕಿಕೊಂಡೆ. ಆ ವೈದ್ಯನಿಗೆ ಅಲ್ಲಿ ಹೆಸರೂ ಇಲ್ಲ. ಹಿಂದೆ ಆ ಕೋಣೆಗೆ ಬಂದಾಗಲೆಲ್ಲ ನನ್ನ ಕಣ್ಣು ಹಾಸಿಗೆಯ ಮೇಲಿದ್ದ ಎಲೀಯ ಕಡೆಗಿರುತ್ತಿತ್ತು. ಈ ಸಲ ಅವನನ್ನು ನೋಡಿದೆ. ಕತ್ತಿ ಹಿಡಿದೇ ಇದ್ದ. ನಾನು ಗುಂಡಿ ಒತ್ತಲೇಬೇಕಿತ್ತು, ಒತ್ತಿದೆ.