ಮುಂಬೈಯ ತೇವದಲ್ಲಿ ಮೈಸೂರು ಜಾವಾ

ಹಳೆಯ ಜಾವಾ 250ರಲ್ಲಿ ಕಿಕ್ಕರಿಗೂ ಗೇರಿಗೂ ಇರುವುದು ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್, ಎಂಜಿನ್ ಹತ್ತಿಕೊಂಡ ಮೇಲೆ ಸ್ವಸ್ಥಾನಕ್ಕೆ ಮರಳಿಸಿದರೆ ಗೇರ್. ಗೇರ್ ಬದಲಿಸಲು ಅದನ್ನು ಕಾಲಿನಿಂದ ಅದುಮಿದಾಗ ಕ್ಲಚ್ ತಾನಾಗಿ ಬಿಡುತ್ತದೆ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಂದು ಸಿಲಿಂಡರ್, ಎರಡು ಸೈಲೆನ್ಸರ್. ಚೆಕ್ ದೇಶದ ಈ ವಿನ್ಯಾಸವನ್ನು ಮೈಸೂರಿನ ಯಾದವಗಿರಿಗೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, ಇರಾನಿನ ಯಜ್ದ್ ಊರಿನ ನೆನಪಿನಲ್ಲಿ. 1996ಕ್ಕೆ ಉತ್ಪಾದನೆ ನಿಂತಿತು. ಆ ಕಾರ್ಖಾನೆಯ ಗಾಡಿಗಳಿಗೆ ಮುಂಬೈಯಲ್ಲಿ ಇಂದಿಗೂ ಒಡೆಯರಿದ್ದಾರೆ, ಬಿಡಿ ಭಾಗ ಹುಡುಕಿಕೊಡುವವರಿದ್ದಾರೆ.

ಮುಂಬೈಯಲ್ಲಿ ಹಳೆಯ ಗಾಡಿಯ ಮೊದಲ ಶತ್ರು ಗಾಳಿ. ಸಮುದ್ರದ ಉಪ್ಪು, ವರ್ಷವಿಡೀ ತೇವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೈಸೂರಿನಲ್ಲಿ ಹತ್ತು ವರ್ಷ ಮೂಲೆಯಲ್ಲಿ ನಿಂತ ಗಾಡಿಗೂ ಮಾಹಿಮಿನ ಚಾಳಿನ ಮೆಟ್ಟಿಲ ಕೆಳಗೆ ಎರಡು ಮಳೆಗಾಲ ಕಳೆದ ಗಾಡಿಗೂ ಹೋಲಿಕೆಯಿಲ್ಲ. ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಗಾಡಿ ನಿಲ್ಲುವಷ್ಟು ಜಾಗ, ಬಾಲ್ಕನಿಯಲ್ಲಿ ಒಂದು ಮೇಜು, ಮಂಚದ ಕೆಳಗೆ ಡಬ್ಬಿಗಳು: ಇಲ್ಲಿನ ಮನೆ ವರ್ಕ್‌ಶಾಪ್ ಎಂದರೆ ಇಷ್ಟೇ. ಹೀಗಾಗಿ ಇಡೀ ಗಾಡಿಯನ್ನು ಒಮ್ಮೆಲೇ ಬಿಚ್ಚುವುದು ತಪ್ಪು. ಎಂಜಿನ್ ಒಂದು ಸರದಿ, ಚಾಸಿ ಮತ್ತೊಂದು ಸರದಿ, ಟ್ಯಾಂಕ್ ಇನ್ನೊಂದು. ಬಿಚ್ಚುವ ಮುನ್ನ ಪ್ರತಿ ಜೋಡಣೆಯ ಫೋಟೋ ತೆಗೆಯಬೇಕು. ಬೋಲ್ಟುಗಳನ್ನು ಆಯಾ ಜಾಗದ ಹೆಸರು ಬರೆದ ಚೀಲದಲ್ಲಿ ಹಾಕಿಡಬೇಕು. ಜಂಗು ಹಿಡಿದ ನಟ್ಟಿಗೆ ರಾತ್ರಿಯೇ ಎಣ್ಣೆ ಬಿಟ್ಟು ಬೆಳಿಗ್ಗೆ ಕೈಹಾಕಬೇಕು. ಸುತ್ತಿಗೆಯಿಂದ ಹೊಡೆದರೆ ಅಲ್ಯೂಮಿನಿಯಂ ಕೇಸಿಂಗ್ ಬಿರುಕು ಬಿಡಬಹುದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಎಂಜಿನ್ನಿನ ಕೆಳಭಾಗಕ್ಕೆ. ಬಹುಪಾಲು ಜನ ಇದನ್ನು ಕೊನೆಗೆ ಬಿಡುತ್ತಾರೆ, ಏಕೆಂದರೆ ಕ್ರೋಮಿನ ಹೊಳಪು ಕಣ್ಣಿಗೆ ಬೀಳುತ್ತದೆ, ಆಯಿಲ್ ಸೀಲ್ ಬೀಳುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ, ಎಣ್ಣೆಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಮೇಲಿನ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಮುಚ್ಚಿರದಿದ್ದರೆ ಕಾರ್ಬ್ಯುರೇಟರನ್ನು ಎಷ್ಟು ಟ್ಯೂನ್ ಮಾಡಿದರೂ ಗಾಡಿ ಹದಕ್ಕೆ ಬಾರದು. ಬಲಬದಿ, ಡೈನಮೋ ಕಡೆಯ ಸೀಲ್ ಸವೆದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎಡಬದಿ, ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಹೀರುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಎಣ್ಣೆ ಎಲ್ಲೂ ಸೋರದೆ ಕಡಿಮೆಯಾಗುತ್ತ ಹೋಗುತ್ತದೆ. ಈ ಎರಡು ಸೀಲುಗಳ ಬೆಲೆ ಹೊಸ ಕ್ರೋಮಿನ ಖರ್ಚಿನ ಮುಂದೆ ಏನೂ ಅಲ್ಲ.

ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆದಾಗ ಸ್ವಲ್ಪವೂ ಅಲುಗಾಟವಿರಬಾರದು. ಇದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿಸಿ, ಹೊಸ ಪಿನ್ ಮತ್ತು ಬೇರಿಂಗ್ ಹಾಕಿಸಿ, ಲೇತಿನಲ್ಲಿ ಡಯಲ್ ಗೇಜ್ ಇಟ್ಟು ನೇರ ಮಾಡಿಸಬೇಕು. ಇದು ಮನೆಯ ಕೆಲಸವಲ್ಲ, ಕೈನುರಿತ ಲೇತ್ ಮಿಸ್ತ್ರಿಯ ಕೆಲಸ. ಸಿಲಿಂಡರ್ ಸವೆದಿದ್ದರೆ ರೀಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದು ವಾಡಿಕೆ. ಆದರೆ ಪ್ರತಿ ರೀಬೋರೂ ಸಿಲಿಂಡರಿನ ಆಯುಷ್ಯದಿಂದ ಒಂದಿಷ್ಟು ಕೆತ್ತಿ ತೆಗೆದಂತೆ. ಅಳೆದು ನೋಡದೆ ಮಾಡಿಸುವುದು ಅನ್ಯಾಯ.

ಇಗ್ನಿಷನ್ ಸರಳ: ಪಾಯಿಂಟ್ಸ್ ನಡುವೆ 0.4 ಮಿ.ಮೀ. ಅಂತರ, ಹೊಸ ಕಂಡೆನ್ಸರ್, ಹೊಸ ವೈರಿಂಗ್. ಟ್ಯಾಂಕಿಗೆ ತಾಳ್ಮೆ ಬೇಕು. ಒಳಗಿನ ಜಂಗನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ಒಂದೆರಡು ದಿನ ನೆನೆಸಿ ಕರಗಿಸಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಮುಂಬೈಯ ಗಾಳಿಗೆ ತೊಳೆದ ತಗಡು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಗಾಡಿಯನ್ನು ಮಳೆಗಾಲವಿಡೀ ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡುವುದೇ ಕ್ಷೇಮ.

ಸಾಮಾನಿಗೆ ನಾಗದೇವಿ ಸ್ಟ್ರೀಟಿಗೆ ಹೋಗಬೇಕು. ಬೇರಿಂಗ್, ಸೀಲ್, ಬೋಲ್ಟು, ಗ್ಯಾಸ್ಕೆಟ್ ಹಾಳೆ ಅಲ್ಲಿ ಅಳತೆ ಹೇಳಿದರೆ ಸಿಗುತ್ತವೆ, ಗಾಡಿಯ ಹೆಸರು ಹೇಳಬೇಕಿಲ್ಲ. ಹಳೆಯ ಮೂಲ ಭಾಗಗಳಿಗೆ ಕುರ್ಲಾದ ಗುಜರಿಗಳು, ಚೋರ್ ಬಜಾರಿನ ಓಣಿಗಳು. ಅಲ್ಲಿ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಹೊಳೆಯುವ ಹೊಸ ನಕಲಿಗಿಂತ ಮಾಸಿದ ಅಸಲಿ ಸಾಮಾನ್ಯವಾಗಿ ಸರಿಯಾಗಿ ಕೂರುತ್ತದೆ.

ಇನ್ನು ರೂಪ ಬದಲಿಸುವ ಮಾತು. ಸೀಟು ಮೋಟು ಮಾಡಿ, ಹಿಂದಿನ ಮಡ್‌ಗಾರ್ಡ್ ಕಿತ್ತು, ಚಾಸಿಯ ಬಾಲ ಕತ್ತರಿಸಿ ‘ಬಾಬರ್’ ಎಂಬ ಮೋಟು ಶೈಲಿಗೆ ತರುವ ಆಸೆ ಇಂದು ಬಲವಾಗಿದೆ. ಇಲ್ಲಿ ಒಂದು ಗೆರೆ ಎಳೆಯಲೇಬೇಕು: ಸ್ಪ್ಯಾನರಿನಿಂದ ಬಿಚ್ಚಿ ಹಿಂದಿನಂತೆ ಮಾಡಬಹುದಾದದ್ದು ಒಡೆಯನ ಹಕ್ಕು, ಗರಗಸ ಬೇಡುವುದು ಗಾಡಿಗೆ ಮಾಡುವ ದ್ರೋಹ. 6 ವೋಲ್ಟಿನ ಬದಲು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್, ಬೇರೆ ಹ್ಯಾಂಡಲ್, ಒಂಟಿ ಸೀಟು, ಬೇರೆ ಬಣ್ಣ, ಇವೆಲ್ಲ ಮರಳಿ ಬದಲಿಸಬಹುದಾದವು. ತೆಗೆದ ಭಾಗಗಳನ್ನು ಎಣ್ಣೆ ಸವರಿ ಸುತ್ತಿಟ್ಟರಾಯಿತು. ಬೆಸೆದ ಚಾಸಿಯನ್ನು ಕತ್ತರಿಸಿದರೆ ಮೈಸೂರಿನಿಂದ ಇನ್ನೊಂದು ಬರುವುದಿಲ್ಲ. ಟ್ಯಾಂಕಿನ ಚಿನ್ನದ ಗೆರೆಗಳೂ ಮೂಲದಂತಿದ್ದರೆ ಚೆಂದ: ಸ್ಟಿಕ್ಕರಿಗಿಂತ ಬ್ರಷ್ಷಿನಿಂದ ಎಳೆದದ್ದು, ಚೂರು ನಡುಗಿದ್ದರೂ, ಆ ಗಾಡಿಗೆ ಒಪ್ಪುತ್ತದೆ.

ಕಾನೂನೂ ಇದೇ ದಿಕ್ಕಿನಲ್ಲಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರ ವಿಂಟೇಜ್ ನಿಯಮಗಳು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳ ವಿಶೇಷ ನಂಬರ್ ಕೊಡುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಚಾಸಿಗಾಗಲಿ ಎಂಜಿನ್ನಿಗಾಗಲಿ ಭಾರಿ ಮಾರ್ಪಾಟು ಆಗಿರಬಾರದು. ಈ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಕೆಲಸಕ್ಕೆ ಓಡಿಸುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. ಯಾವ ನೋಂದಣಿಗಾದರೂ ಎಂಜಿನ್, ಚಾಸಿ ನಂಬರುಗಳು ಓದುವಂತಿರಬೇಕು, ಹಾಗಾಗಿ ಪಾಲಿಶ್ ಮಾಡುವಾಗ ಅವುಗಳ ಮೇಲೆ ಗ್ರೈಂಡರ್ ತಾಗಿಸಲೇಬಾರದು.

ಜೋಡಿಸಿ ಮುಗಿದ ಗಾಡಿಯ ಹೊಸ ಪಿಸ್ಟನ್ನಿಗೆ ಮೊದಲ ದಿನಗಳಲ್ಲಿ ಪೆಟ್ರೋಲ್ ಲೀಟರಿಗೆ 50 ಮಿ.ಲೀ. ಟೂ-ಟಿ ಎಣ್ಣೆ, ಆಮೇಲೆ 40. ಆ ಮೊದಲ ದಿನಗಳಲ್ಲಿ ಭಾನುವಾರ ನಸುಕಿನಲ್ಲಿ, ಟ್ರಾಫಿಕ್ ಏಳುವ ಮುನ್ನ ಓಡಿಸುವುದು ಒಳ್ಳೆಯದು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಓಟದಲ್ಲಿ ಗಾಳಿಯಿಂದ ತಣಿಯುವ ಎಂಜಿನ್ ಬೇಗ ಕಾಯುತ್ತದೆ. ಜಾವಾ ಪ್ರಿಯರ ಅಂತಾರಾಷ್ಟ್ರೀಯ ಜಾವಾ ದಿನ ಜುಲೈ ಎರಡನೇ ಭಾನುವಾರ ಬರುತ್ತದೆ, ಅಂದರೆ ಮುಂಬೈಯಲ್ಲಿ ನಡು ಮಳೆಗಾಲ. ಅಂದು ನೆನೆದು ಬಂದ ಗಾಡಿಯನ್ನು ಸಿಹಿನೀರಿನಲ್ಲಿ ತೊಳೆದು, ಡ್ರಮ್ ಬ್ರೇಕುಗಳನ್ನು ಒಣಗಿಸಿ, ಕ್ರೋಮಿಗೆ ಎಣ್ಣೆ ಬಟ್ಟೆ ಸವರಿ ನಿಲ್ಲಿಸಬೇಕು.